ಚೆಕ್ ಹಿರೀಕರನ್ನ ಹುಡುಕ್ತಾ ಇದೀನಿ, ಚರ್ಚ್ ಪುಸ್ತಕದಲ್ಲಿ ದಾರಿ ನಿಂತೋಯ್ತು, ಹಳೇ ಜಮೀನಿನ ದಾಖಲೆ ಓದಿದೋರು ಯಾರಾದ್ರೂ ಇದೀರಾ?

ಹೇಮಾವತಿ_ತೀರ

ಎಲ್ರಿಗೂ ನಮಸ್ಕಾರ. ನಾನು ಹಾಸನದ ಕಡೆಯೋನು, 14 ವರ್ಷದಿಂದ ಟೆಕ್ಸಾಸ್‌ನಲ್ಲಿದೀನಿ. ಹೆಂಡತಿ ಮನೆಯೋರು ಇಲ್ಲಿನ ಚೆಕ್ ಮೂಲದೋರು, ಚೆಕ್ ದೇಶದ ಪೂರ್ವ ಭಾಗ ಮೊರಾವಿಯಾದಲ್ಲಿ ಫ್ರೆನ್‌ಶ್ಟಾಟ್ ಅಂತ ಒಂದು ಊರಿದೆ, ಅದರ ಪಕ್ಕದ ಹಳ್ಳಿಯಿಂದ 1870ರ ದಶಕದಲ್ಲಿ ಹಡಗು ಹತ್ತಿ ಗ್ಯಾಲ್ವೆಸ್ಟನ್‌ನಲ್ಲಿ ಇಳಿದು ಫಯೆಟ್ ಕೌಂಟೀಲಿ ಹತ್ತಿ ಬೆಳ್ಕೊಂಡು ಇದ್ದೋರು. ನಮ್ಮತ್ತೆಗೆ ಈಗ 79. ಚಿಕ್ಕೋರಿದ್ದಾಗ ಅಜ್ಜಿ ಹತ್ರ ಕಲಿತ ಮೊರಾವಿಯಾ ಮಾತು ಇನ್ನೂ ಬಾಯಲ್ಲಿದೆ, "ನಮ್ಮೋರು ಅಲ್ಲಿ ಯಾವ ಮನೇಲಿದ್ರು ಅಂತ ನಂಗೆ ಗೊತ್ತಾಗ್ಬೇಕು" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಎರಡು ವರ್ಷದ ಹಿಂದೆ ನಾನೇ ಈ ಕೆಲಸ ಹಿಡಿದೆ.

ಚರ್ಚ್ ಪುಸ್ತಕ ಎಲ್ಲಾ ಆನ್‌ಲೈನ್ ಇದೆ, 1849ರಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಸಿಗ್ತಾ ಬಂತು. ಮನೆತನದ ಹೆಸರು ಇಲ್ಲಿ ಹಾಕೋದು ಅತ್ತೆಗೆ ಇಷ್ಟ ಇಲ್ಲ, "ಮ" ಅಂತ ಇಟ್ಕೊಳ್ಳಿ. 1762ರಲ್ಲಿ ಒಬ್ಬ "ಮ" ಮದುವೆ ಆಗಿದಾನೆ, ಅಪ್ಪನ ಹೆಸರೂ "ಮ" ಅಂತಾನೇ ಇದೆ, ಊರೂ ಅದೇ. ಆದ್ರೆ ಅವನ ಬ್ಯಾಪ್ಟಿಸಂ ಎಲ್ಲೂ ಇಲ್ಲ! 1730ರಿಂದ 1745ರ ತನಕ ಪ್ರತಿ ಪುಟ ಮೂರು ಸಲ ನೋಡಿದೀನಿ, ಅಕ್ಕಪಕ್ಕದ ಹಳ್ಳಿಗಳದ್ದೂ ನೋಡಿದೀನಿ. ಅವನನ್ನ ಕರೆಯೋ ಹೆಸರೇ ಇರೋ ಮಗು ಒಂದೇ ಒಂದು 1738ರಲ್ಲಿದೆ, ಆದ್ರೆ ಅದರ ಅಪ್ಪನ ಮನೆತನ ಬೇರೆ, ಅದನ್ನ "ಕ" ಅನ್ನೋಣ. ಇಲ್ಲಿಗೆ ಬಂದು ನಿಂತಿದೀನಿ. ಯಾರೋ ಒಬ್ರು ಜಮೀನಿನ ಪುಸ್ತಕ ನೋಡಿ ಅಂದ್ರು, ಅದೇನು ಎಲ್ಲಿಂದ ಶುರು ಮಾಡೋದು ಒಂದೂ ಗೊತ್ತಿಲ್ಲ.

ಬ್ರನೋ_ಕನ್ನಡಿಗ

ನಮಸ್ಕಾರ ಅಣ್ಣ. ನಾನು ಮೊರಾವಿಯಾದ ಬ್ರನೋ ನಗರದಲ್ಲಿ 11 ವರ್ಷದಿಂದ ಇದೀನಿ, ಹೆಂಡತಿ ಇಲ್ಲಿಯವಳೇ, ಮಾವನವರಿಗೆ ಈ ವಂಶಾವಳಿ ಹುಡುಕೋ ಆಸಕ್ತಿ ವಿಪರೀತ, ಅವರ ಜೊತೆ ಆರ್ಕೈವ್‌ಗೆ ಓಡಾಡಿ ಓಡಾಡಿ ನಂಗೂ ಹತ್ಕೊಳ್ತು. ನಿಮ್ಮ ಕೇಸ್ ನೋಡಿದ ತಕ್ಷಣ ಒಂದು ಅನುಮಾನ ಬಂತು, ಕೊನೇಲಿ ಹೇಳ್ತೀನಿ.

ಮೊದಲು ಒಂದು ವಿಷ್ಯ ತಲೇಲಿ ಕೂರಬೇಕು. ಚರ್ಚ್ ಪುಸ್ತಕ ಇದ್ಯಲ್ಲ, ಇಲ್ಲಿ ಮಾತ್ರಿಕಾ ಅಂತಾರೆ, ಅದು ಮನುಷ್ಯನ ಹಿಂದೆ ಹೋಗತ್ತೆ: ಹುಟ್ಟಿದ, ಮದುವೆ ಆದ, ಸತ್ತ. ಜಮೀನಿನ ಪುಸ್ತಕ ಮನೆ ಹಿಂದೆ ಹೋಗತ್ತೆ. ಮನುಷ್ಯರು ಬರ್ತಾರೆ ಹೋಗ್ತಾರೆ, ಪುಟ ಮಾತ್ರ ಆ ಮನೇದೇ. ಆ ಮನೆ ಮತ್ತು ಹೊಲ ಸೇರಿ ಗ್ರುಂಟ್ ಅಂತಾರೆ, ಅದಕ್ಕೇ ಹಳಬರು ಈ ಪುಸ್ತಕಕ್ಕೆ ಗ್ರುಂಟೊವ್ನೀ ಕ್ನಿಹಿ ಅಂತಾರೆ. ಚೆಕ್ ನಾಡಲ್ಲಿ ಚರ್ಚ್ ಪುಸ್ತಕ ಹೆಚ್ಚಿನ ಊರಲ್ಲಿ ಮೂವತ್ತು ವರ್ಷದ ಯುದ್ಧ ಮುಗಿದ್ಮೇಲೆ, ಅಂದ್ರೆ 1648 ಆದ್ಮೇಲೇ ಸರಿಯಾಗಿ ಉಳ್ಕೊಂಡಿರೋದು, ಜಮೀನಿನ ಪುಸ್ತಕ ಎಷ್ಟೋ ಕಡೆ 1500ರ ದಶಕಗಳಿಗೇ ಹೋಗತ್ತೆ. ಹೀಗಾಗಿ ನೂರು ವರ್ಷ ಹಿಂದಕ್ಕೆ ಜಿಗಿಯೋಕೆ ಇದೊಂದೇ ಏಣಿ.

ಯಾಕೆ ಬರೆದಿಟ್ರು ಅಂದ್ರೆ ದುಡ್ಡಿಗೋಸ್ಕರ. ರೈತರು ಜಮೀನ್ದಾರನ ಅಧೀನದಲ್ಲಿದ್ದೋರು, ಆದ್ರೂ ಬಹಳ ಕಡೆ ಗ್ರುಂಟ್‌ನ್ನ ಕೊಂಡ್ಕೊಳ್ಳೋ, ಮಕ್ಕಳಿಗೆ ಬಿಡೋ ಹಕ್ಕಿತ್ತು. ಮಗ ಅಪ್ಪನ ಹೊಲಮನೆ ತಗೊಂಡ್ರೂ ಅದು ಕ್ರಯವೇ, ಬೆಲೆ ಕಟ್ತಾರೆ, ಮುಂಗಡ ಇಷ್ಟು, ವರ್ಷಕ್ಕೆ ಕಂತು ಇಷ್ಟು, ಅದ್ರಲ್ಲಿ ಅಮ್ಮನಿಗೆ ಎಷ್ಟು, ಅಣ್ಣತಮ್ಮಂದ್ರಿಗೆ ಎಷ್ಟು, ಮದುವೆ ಆಗಿ ಹೋದ ಅಕ್ಕತಂಗೀರಿಗೆ ಎಷ್ಟು ಅಂತ ಒಬ್ಬೊಬ್ಬರ ಹೆಸರು ಹಾಕಿ ಬರೀತಾರೆ. ಊರ ಪಟೇಲನ ಥರ ಇದ್ದ ರಿಖ್ತಾರ್ಷ್ ಮತ್ತು ಊರ ಹಿರಿಯರು ಸಾಕ್ಷಿ. ಮುಂದೆ ಇಪ್ಪತ್ತು ಮೂವತ್ತು ವರ್ಷ ಪ್ರತಿ ಕಂತು ಕಟ್ಟಿದಾಗಲೂ ಒಂದು ಸಾಲು ಸೇರತ್ತೆ. ಆ ಸಾಲುಗಳು ನೋಡೋಕೆ ಬೋರ್ ಅನ್ಸತ್ತೆ, ಆದ್ರೆ "ಈ ವರ್ಷದ ಕಂತು ಇಂಥಾ ಊರಿನ ಇಂಥವನ ಹೆಂಡತಿಗೆ ಸಂದಾಯ" ಅಂತ ಇರೋದು ಅಲ್ಲೇ, ಕಳೆದುಹೋದ ಹೆಣ್ಮಕ್ಕಳೆಲ್ಲ ಸಿಗೋದು ಅಲ್ಲೇ.

ಈಗ ನನ್ನ ಅನುಮಾನ. ಆ ಕಾಲದಲ್ಲಿ ಮನೆತನದ ಹೆಸರು ಈಗಿನ ಹಾಗೆ ಗಟ್ಟಿ ಇರ್ಲಿಲ್ಲ. 1780ರ ದಶಕದಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕಾಲಕ್ಕೆ ಅದು ಕಾನೂನಾಗಿ ನಿಂತಿದ್ದು. ಅದಕ್ಕೆ ಮೊದಲು ಗ್ರುಂಟ್‌ಗೇ ಒಂದು ಹೆಸರಿರ್ತಿತ್ತು, ಮದುವೆಯಾಗಿ ಆ ಮನೆಗೆ ಬಂದ ಗಂಡಸಿಗೆ ಊರೋರು ಆ ಮನೆ ಹೆಸರೇ ಕೊಡ್ತಿದ್ರು. ಇಲ್ಲಾ ವಿಧವೆ ಇನ್ನೊಬ್ಬನನ್ನ ಮದುವೆ ಆದ್ರೆ ಮೊದಲನೇ ಗಂಡನ ಮಕ್ಕಳಿಗೂ ಮಲತಂದೆ ಹೆಸರು ಅಂಟ್ಕೊಳ್ತಿತ್ತು. ನಿಮ್ಮ "ಮ" ಮತ್ತು "ಕ" ಒಂದೇ ಮನೆಯೋರು ಅಂತ ನಂಗನ್ಸತ್ತೆ. ಚರ್ಚ್ ಪುಸ್ತಕದಲ್ಲಿ ಇದನ್ನ ಸಾಬೀತು ಮಾಡೋಕೆ ಕಷ್ಟ, ಗ್ರುಂಟ್ ಪುಟ ಹಿಡೀಲೇಬೇಕು.

ಹೇಮಾವತಿ_ತೀರ

ಅಣ್ಣಾ ಬಹಳ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಆದ್ರೆ ಹುಡುಕೋದು ಹೇಗೆ? ಆರ್ಕೈವ್ ಸೈಟ್‌ನಲ್ಲಿ ಹಳ್ಳಿ ಹೆಸರು ಹಾಕಿದ್ರೆ ಚರ್ಚ್ ಪುಸ್ತಕ ಮಾತ್ರ ಬರ್ತಾ ಇದೆ.

ಬ್ರನೋ_ಕನ್ನಡಿಗ

ಹಳ್ಳಿ ಹೆಸರಲ್ಲಿ ಹುಡುಕಿದ್ರೆ ಬಹಳ ಸಲ ಸಿಗಲ್ಲ, ಎಲ್ರೂ ಮೊದಲು ಎಡವೋದು ಇಲ್ಲೇ. ಚರ್ಚ್ ಪುಸ್ತಕಕ್ಕೆ ಪ್ಯಾರಿಷ್, ಅಂದ್ರೆ ಊರು ಯಾವ ಚರ್ಚಿಗೆ ಸೇರಿತ್ತು ಅಂತ ಗೊತ್ತಿರಬೇಕು, ಜಮೀನಿನ ಪುಸ್ತಕಕ್ಕೆ ಜಮೀನ್ದಾರಿ ಗೊತ್ತಿರಬೇಕು, ಇಲ್ಲಿ ಪಾನ್ಸ್ತ್ವೀ ಅಂತಾರೆ. 1848ರ ತನಕ ಪುಸ್ತಕ ಬರೀತಿದ್ದೋರು ಅವರ ಕಚೇರಿಯೋರು. ಒಂದೇ ಹಳ್ಳೀಲಿ ಅರ್ಧ ಮನೆ ಒಬ್ಬ ದೊರೆಗೆ, ಉಳಿದಿದ್ದು ಇನ್ನೊಬ್ಬನಿಗೋ ಮಠಕ್ಕೋ ಸೇರಿರೋದೂ ಉಂಟು, ಆಗ ಎರಡೆರಡು ಕಡೆ ಹುಡುಕ್ಬೇಕು.

ನಿಮಗೆ ಅದೃಷ್ಟ ಇದೆ. ಫ್ರೆನ್‌ಶ್ಟಾಟ್ ಸುತ್ತಮುತ್ತ ಬಹುಪಾಲು ಹುಕ್ವಾಲ್ದಿ ಜಮೀನ್ದಾರಿ, ಅದು ಓಲೊಮೌತ್ಸ್ ಬಿಷಪ್ಪರದ್ದು, 1777ರಿಂದ ಆರ್ಚ್‌ಬಿಷಪ್. ಸಂಗೀತಗಾರ ಯಾನಾಚೆಕ್ 1854ರಲ್ಲಿ ಹುಟ್ಟಿದ ಹುಕ್ವಾಲ್ದಿ ಅದೇ, ಬೆಟ್ಟದ ಮೇಲೆ ಕೋಟೆ ಪಾಳು ಬಿದ್ದಿದೆ, ಮಾವನವರ ಜೊತೆ ಹೋಗಿದ್ದೆ, ತುಂಬಾ ಚೆನ್ನಾಗಿದೆ ಜಾಗ. ಚರ್ಚಿನ ಆಸ್ತಿ ಆದ್ದರಿಂದ ವಂಶ ಮುಗಿದು ಕೈಯಿಂದ ಕೈಗೆ ಮಾರಾಟ ಆಗೋ ಗೋಜು ಕಡಿಮೆ, ಒಂದೇ ಕಚೇರಿ ಬಹಳ ಕಾಲ ನಡೀತು. ನಿಮ್ಮ ಸೀಮೆ ದಾಖಲೆ ನೋಡ್ಕೊಳ್ಳೋದು ಓಪವಾದ ಪ್ರಾಂತೀಯ ಆರ್ಕೈವ್. ಅವರ ಡಿಜಿಟಲ್ ಪುಟದಲ್ಲಿ ಜಮೀನಿನ ಪುಸ್ತಕಗಳಿಗೇ ಬೇರೆ ವಿಭಾಗ ಇದೆ, ಮಾತ್ರಿಕಾ ವಿಭಾಗ ಬಿಟ್ಟು ಅದಕ್ಕೆ ಹೋಗಿ. ವಂಶಾವಳಿ ಹುಡುಕೋ ಫ್ಯಾಮಿಲಿಸರ್ಚ್ ಸೈಟ್‌ನಲ್ಲೂ 1450ರಿಂದ 1889ರ ತನಕದ ಚೆಕ್ ಜಮೀನು ದಾಖಲೆ ಅಂತ ಒಂದು ಸಂಗ್ರಹ ಇದೆ, ಹೆಸರು ಟೈಪ್ ಮಾಡಿ ಹುಡುಕೋ ಥರ ಅಲ್ಲ, ಪುಟ ಪುಟ ತಿರುವಬೇಕು.

ಶುರು ಮಾಡ್ಬೇಕಾದ್ದು ಮನೆ ನಂಬರಿಂದ. 1770-71ರಲ್ಲಿ ಮರಿಯಾ ತೆರೇಸಾ ಕಾಲದಲ್ಲಿ ಮನೆಮನೆಗೂ ನಂಬರ್ ಹಾಕಿದ್ರು, ಸೈನ್ಯಕ್ಕೆ ಗಂಡಸರ ಲೆಕ್ಕ ಬೇಕಿತ್ತು ಅಂತ. 1784ರಿಂದ ಚರ್ಚ್ ಪುಸ್ತಕದ ನಮೂನೇಲಿ ಮನೆ ನಂಬರಿಗೂ ಒಂದು ಕಾಲಂ ಬಂತು. 1784 ಆದ್ಮೇಲೆ ನಿಮ್ಮೋರ ಮಕ್ಕಳು ಯಾವ ನಂಬರಲ್ಲಿ ಹುಟ್ಟಿದಾರೆ ಅಂತ ನೋಡಿ, ಆ ನಂಬರ್ ಇಟ್ಕೊಂಡು ಗ್ರುಂಟ್ ಪುಟ ಹುಡುಕಿ. ನಂಬರ್ ಬರೋಕೆ ಮುಂಚಿನ ಪುಟಗಳಲ್ಲೂ ಎಷ್ಟೋ ಸಲ ಆಮೇಲಿನ ಗುಮಾಸ್ತರು ಮೇಲ್ಗಡೆ ನಂಬರ್ ಸೇರಿಸಿರ್ತಾರೆ. ಸೇರಿಸಿಲ್ಲ ಅಂದ್ರೆ ಮಾಲೀಕರ ಸರಪಳಿ ಹಿಡ್ಕೊಂಡು ಹಿಂದಕ್ಕೆ ಹೋಗೋದು, "ಹಳೇ ಪುಸ್ತಕದ ಇಷ್ಟನೇ ಹಾಳೆ ನೋಡಿ" ಅಂತ ಅವರೇ ಬರೆದಿರ್ತಾರೆ.

ಕರಾವಳಿ_ಅಮ್ಮ

ನಾನೂ ಸೇರಿಕೊಳ್ಳುತ್ತೇನೆ. ಉಡುಪಿ ಕಡೆಯವಳು, ಈಗ ಅಯೋವಾದ ಸೀಡರ್ ರಾಪಿಡ್ಸ್‌ನಲ್ಲಿ, ಇಲ್ಲಿ ಚೆಕ್ ಜನ ಎಷ್ಟು ಅಂದ್ರೆ ಅವರದ್ದೇ ದೊಡ್ಡ ಮ್ಯೂಸಿಯಂ ಉಂಟು. ಗಂಡನ ಮನೆಯವರ ಮೂಲ ಬೊಹೀಮಿಯಾ, ಅಂದರೆ ಚೆಕ್ ದೇಶದ ಪಶ್ಚಿಮ ಭಾಗ, ಅದರ ದಕ್ಷಿಣದಲ್ಲಿ ತ್ರೆಬೊನ್ ಹತ್ತಿರ. ಅಲ್ಲಿ ಮೊದಲು ರೋಜ್ಮ್‌ಬೆರ್ಕ್ ಮನೆತನ, ಅವರದ್ದು 1611ರಲ್ಲಿ ಮುಗಿಯಿತು, ಮತ್ತೆ 1660ರಿಂದ ಶ್ವಾರ್ಜೆನ್‌ಬೆರ್ಗ್‌ಗಳು. ಎರಡೂ ಮನೆಯವರು ಕಾಗದಪತ್ರ ಜೋಪಾನ ಮಾಡುವುದರಲ್ಲಿ ಭಾರೀ ಗಟ್ಟಿ, ತ್ರೆಬೊನ್ ಅರಮನೆಯಲ್ಲೇ ಆರ್ಕೈವ್ ಉಂಟು, ನಾನು ಹೋಗಿ ಕಣ್ಣಾರೆ ನೋಡಿ ಬಂದಿದ್ದೇನೆ.

ಒಂದು ವಿಷಯ ಹೇಳಬೇಕು, ನನಗೆ ಇದರಿಂದ ಒಂದು ವರ್ಷ ಹಾಳಾಯಿತು. ನಾನು ಯಾವಾಗಲೂ ಹಿರಿ ಮಗನನ್ನೇ ಹುಡುಕುತ್ತಿದ್ದೆ, ನಮ್ಮಲ್ಲಿ ಹಾಗೆ ಅಲ್ಲವಾ, ಹಿರಿಯವನು ಮನೆ ನೋಡಿಕೊಳ್ಳುವುದು. ಅಲ್ಲಿ ಬಹಳ ಕಡೆ ಕಿರಿ ಮಗನಿಗೆ ಹೊಲಮನೆ. ದೊಡ್ಡವರೆಲ್ಲ ತಮ್ಮ ಪಾಲು ತೆಗೆದುಕೊಂಡು ಬೇರೆ ಮನೆಗೆ ಅಳಿಯನಾಗಿಯೋ ಕಸುಬಿಗೋ ಹೋಗುವುದು, ಅಪ್ಪ ಅಮ್ಮ ಮುದುಕರಾಗುವ ಹೊತ್ತಿಗೆ ಕಿರಿಯವ ಪ್ರಾಯಕ್ಕೆ ಬಂದಿರುತ್ತಾನೆ. 1787ರಲ್ಲಿ ಕಾನೂನು ಬದಲಾಗಿ ಹಿರಿಯವನಿಗೆ ಅಂತ ಆಯಿತು. ಹಾಗಾಗಿ 1787ಕ್ಕೆ ಮೊದಲಿನ ಪುಟ ಓದುವಾಗ ಕಿರಿಯವನ ಮೇಲೆ ಕಣ್ಣಿಡಿ.

ಮತ್ತೆ ವೀಮ್ನ್ಯೆನೆಕ್ ಅಂತ ಒಂದು ಭಾಗ ಬರುತ್ತದೆ, ಅದನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಹೊಲಮನೆ ಬಿಟ್ಟುಕೊಟ್ಟ ಅಪ್ಪ ಅಮ್ಮನಿಗೆ ಸಾಯುವ ತನಕ ಏನೇನು ಕೊಡಬೇಕು ಎನ್ನುವ ಕರಾರು. ನನ್ನ ಗಂಡನ ಹಿರಿಯರ ಪುಟದಲ್ಲಿ ಇದ್ದದ್ದು: ವರ್ಷಕ್ಕೆ ಇಷ್ಟು ಅಳತೆ ರೈ ಧಾನ್ಯ, ಒಂದು ದನ ಮಗನ ದನಗಳ ಜೊತೆಗೇ ಮೇಯಬೇಕು, ಎಲೆಕೋಸಿಗೆ ಎರಡು ಸಾಲು ಜಾಗ, ಮನೆ ಹಿಂದಿನ ಒಂದು ಪೇರ್ ಹಣ್ಣಿನ ಮರ ಅಮ್ಮನದ್ದೇ. ಆ ಮರದ ವಿಷಯ ಓದುವಾಗ ನನಗೆ ಅಳು ಬಂತು. 300 ವರ್ಷದ ಹಿಂದಿನ ಅತ್ತೆಯೊಬ್ಬಳು ಆ ಮರ ನನಗೇ ಬೇಕು ಎಂದು ಕಚೇರಿಯಲ್ಲಿ ನಿಂತು ಹೇಳಿ ಬರೆಸಿದ್ದಾಳೆ. ಚರ್ಚ್ ಪುಸ್ತಕದಲ್ಲಿ ಅವಳದ್ದು ಒಂದು ಹೆಸರು, ಒಂದು ತಾರೀಕು, ಅಷ್ಟೇ ಇರುವುದು ಮಾರಾಯ್ರೆ.

ಓದುಗ_77

ಮಧ್ಯೆ ಬಾಯಿ ಹಾಕ್ತಾ ಇದೀನಿ. 1654ರ ಬೆರ್ನೀ ರುಲಾ ಅಂತ ಒಂದು ತೆರಿಗೆ ಪಟ್ಟಿ ಇದೆ ಅಂತ ಓದಿದೀನಿ, ಪ್ರಿಂಟ್ ಕೂಡಾ ಆಗಿದೆ, ಓದೋಕೆ ಸುಲಭ. ಅದನ್ನೇ ನೋಡ್ಬಹುದಲ್ಲ? ಡೆಸ್ಕಿ ಜೆಮ್ಸ್ಕೇ ಅಂತಾನೂ ಒಂದು ಇದೆ, ಅದೂ ಜಮೀನಿನ ದಾಖಲೆನೇ ಅಲ್ವಾ?

ಬ್ರನೋ_ಕನ್ನಡಿಗ

ಬೆರ್ನೀ ರುಲಾ ಬೊಹೀಮಿಯಾಕ್ಕೆ ಮಾತ್ರ, ಅದರ ಜೊತೆಗಾರ 1651ರ ಧರ್ಮದ ಪ್ರಕಾರ ಮಾಡಿದ ಜನರ ಪಟ್ಟಿನೂ ಅಲ್ಲಿಯದೇ. ಕರಾವಳಿ ಅಮ್ಮನವರಿಗೆ ಉಪಯೋಗ, ಹಾಸನದ ಅಣ್ಣನಿಗಲ್ಲ. ಮೊರಾವಿಯಾಕ್ಕೆ ಲಾನೊವೇ ರೆಯ್‌ಸ್ತ್ರೀಕಿ ಅಂತ ಬೇರೆ ಹೊಲದ ಪಟ್ಟಿ ಇದೆ, 1650ರ ದಶಕದಲ್ಲಿ ಒಂದು ಸಲ, 1669ರಿಂದ 1679ರ ಒಳಗೆ ಇನ್ನೊಂದು ಸಲ ಹೊಲ ಎಣಿಸಿದ್ರು. ಯುದ್ಧದಲ್ಲಿ ಪಾಳು ಬಿದ್ದ ಮನೆಗಳಿಗೆ ಮೊದಲಿನ ಮಾಲೀಕನ ಹೆಸರೂ ಅದ್ರಲ್ಲಿ ಬರತ್ತೆ, ತುಂಬಾ ಬೆಲೆಬಾಳೋದು. ಆದ್ರೆ ಇವೆಲ್ಲ ಒಂದು ದಿನದ ಫೋಟೋ ಇದ್ದ ಹಾಗೆ, ಹಿಂದೆ ಮುಂದೆ ಏನಾಯ್ತು ತಿಳಿಯಲ್ಲ.

ಡೆಸ್ಕಿ ಜೆಮ್ಸ್ಕೇ ದೊಡ್ಡ ದೊಡ್ಡ ಜಮೀನ್ದಾರರ ಆಸ್ತಿ ದಾಖಲೆ. ಇಡೀ ಊರು ಮಾರಾಟ ಆದ್ರೆ ಅದ್ರಲ್ಲಿ ಬರತ್ತೆ, ಊರೊಳಗಿನ ರೈತ ಬರಲ್ಲ. ಬೊಹೀಮಿಯಾದ ಹಳೇ ಡೆಸ್ಕಿ 1541ರಲ್ಲಿ ಪ್ರಾಗ್ ಕೋಟೆಗೆ ಬೆಂಕಿ ಬಿದ್ದಾಗ ಬಹುತೇಕ ಸುಟ್ಟೇ ಹೋಯ್ತು. ಹೆಸರು ಕೇಳಿ ಎಷ್ಟೋ ಜನ ಅಲ್ಲಿ ಹೋಗಿ ಹುಡುಕಿ ನಿರಾಶೆ ಪಡ್ತಾರೆ, ಅದಕ್ಕೇ ಹೇಳಿದೆ.

ಮಂಡ್ಯ_ಸೀಮೆ

ಒಂದು ಪ್ರಶ್ನೆ, ತಪ್ಪಾಗಿ ತಿಳ್ಕೋಬೇಡಿ. ಇಷ್ಟೆಲ್ಲಾ ದಾಖಲೆ ಸಿಕ್ರೆ ಆ ಜಮೀನಿನ ಮೇಲೆ ಈಗ ಏನಾದ್ರೂ ಹಕ್ಕು ಕೇಳೋಕಾಗತ್ತಾ? ನಮ್ಮ ಕಡೆ ಹಳೇ ಪಹಣಿ ಸಿಕ್ರೆ ಸಾಕು ಕೋರ್ಟಿಗೆ ಹೋಗ್ತಾರೆ.

ಬ್ರನೋ_ಕನ್ನಡಿಗ

ಆಗಲ್ಲ. 1870ರ ದಶಕದಲ್ಲಿ ಹೊರಟೋರು ಮಾರಿ, ದುಡ್ಡು ತಗೊಂಡು, ಅದ್ರಲ್ಲೇ ಹಡಗಿನ ಟಿಕೆಟ್ ತಗೊಂಡು ಹೋದೋರು. ಇಲ್ಲಿ ಆಸ್ತಿ ವಾಪಸ್ ಕೊಡೋ ಕಾನೂನು 1991ರಲ್ಲಿ ಬಂತು, ಅದು 1948ರ ಫೆಬ್ರವರಿ 25 ಆದ್ಮೇಲೆ ಕಮ್ಯುನಿಸ್ಟ್ ಸರ್ಕಾರ ಕಿತ್ಕೊಂಡಿದ್ದಕ್ಕೆ, ಅರ್ಜಿ ಹಾಕೋ ಗಡುವೂ ಮುಗಿದು ಕಾಲ ಆಯ್ತು. ಹುಡುಕೋದು ತಿಳ್ಕೊಳ್ಳೋಕೆ ಮಾತ್ರ.

ಹೇಮಾವತಿ_ತೀರ

ನಾಲ್ಕು ದಿನ ಆಯ್ತು, ಪುಸ್ತಕ ಸಿಕ್ತು!! ನಮ್ಮೋರ ಮಕ್ಕಳು 1785ರಿಂದ 1801ರ ತನಕ ಎಲ್ರೂ 23ನೇ ನಂಬರ್ ಮನೇಲಿ ಹುಟ್ಟಿರೋದು, ಜಮೀನಿನ ಪುಸ್ತಕದಲ್ಲಿ ಒಂದು ಪುಟದ ಮೇಲ್ಗಡೆ ಬೇರೆ ಶಾಯೀಲಿ 23 ಅಂತ ಇದೆ. ಕೈಕಾಲು ನಡುಗ್ತಾ ಇತ್ತು ನಂಗೆ. ಆದ್ರೆ ಬರಹ ಒಂದಕ್ಷರ ಓದೋಕಾಗ್ತಿಲ್ಲ, ಚರ್ಚ್ ಪುಸ್ತಕದಲ್ಲಾದ್ರೆ ಕಾಲಂ ಇತ್ತು, ಯಾವ ಜಾಗದಲ್ಲಿ ಏನಿರತ್ತೆ ಗೊತ್ತಿತ್ತು, ಇಲ್ಲಿ ಇಡೀ ಪುಟ ಇರುವೆ ಸಾಲು ಹೋದ ಹಾಗಿದೆ.

ಸಾಧನಕೇರಿ

ಹೇಮಾವತಿಯವರೆ, ನಾ ಧಾರವಾಡದಾಂವ, ಚೆಕ್ ಭಾಷಾ ನನಗ ಒಂದಕ್ಷರ ಬರೂದಿಲ್ಲ. ಆದ್ರ ನಮ್ಮ ಅಜ್ಜಾರ ಕಾಲದ ಮೋಡಿ ಲಿಪಿ ಕಾಗದಾ ಓದಲಿಕ್ಕೆ ನಾ ಮೂರು ವರ್ಷ ಕೂತೀನಿ, ಹಿಂಗಾಗಿ ಒಂದ್ ಮಾತು ಹೇಳ್ತೀನಿ, ಯಾವ ಲಿಪಿಗಾದ್ರೂ ನಡೀತದ. ಮೊದಲ ಓದಲಿಕ್ಕೆ ಹೋಗಬ್ಯಾಡ್ರಿ. ನಿಮಗ ಗೊತ್ತಿದ್ದ ಹೆಸರು, ಊರಿನ ಹೆಸರು, ತಿಂಗಳ ಹೆಸರು ಆ ಪುಟದಾಗ ಎಲ್ಲಿ ಅದ ಅದನ್ನ ಹುಡುಕ್ರಿ. ಅದರಾಗಿನ ಒಂದೊಂದ ಅಕ್ಷರ ಒಂದ್ ಹಾಳ್ಯಾಗ ಬರಕೋರಿ, ಆ ಗುಮಾಸ್ತನ ಕೈಬರಹದ ಕಾಗುಣಿತ ತಯಾರಾಗ್ತದ. ಅದೇ ಗುಮಾಸ್ತ ಬರದ ಬ್ಯಾರೆ ಪುಟ ಹತ್ತು ಓದ್ರಿ, ನಿಮ್ಮ ಪುಟಕ್ಕ ಆಮೇಲೆ ಬರ್ರಿ. ಅವರೂ ನಮ್ಮ ಕಡೆ ಖರೇದಿ ಪತ್ರದ್ಹಂಗ ಒಂದ ನಮೂನೀ ಮಾತು ತಿರಗಾಮುರುಗಾ ಬರದಿರ್ತಾರ, ಬದಲಾಗೂದು ಹೆಸರು ಮತ್ತ ರೊಕ್ಕ ಅಷ್ಟ.

ಬ್ರನೋ_ಕನ್ನಡಿಗ

ಸಾಧನಕೇರಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ, ಮಾವನವರೂ ನಂಗೆ ಹಾಗೇ ಕಲಿಸಿದ್ದು. ಆ ಲಿಪಿಗೆ ಇಲ್ಲಿ ಕುರೆಂಟ್ ಅಂತಾರೆ, ಜರ್ಮನ್ ಕಡೆಯ ಕೈಬರಹ, ಅದ್ರಲ್ಲೇ ಚೆಕ್ ಭಾಷೇನೂ ಬರೀತಿದ್ರು. ಎನ್, ಯು, ಇ, ಎಂ ಎಲ್ಲಾ ಒಂದೇ ಥರ ಗೀಟು. ಕಾಗುಣಿತನೂ ಹಳೇದು, ಈಗ ಜೆ ಬರೆಯೋ ಕಡೆ ಜಿ, ವಿ ಇರ್ಬೇಕಾದ ಕಡೆ ಡಬ್ಲ್ಯೂ, ಉದ್ದ ಈಕಾರಕ್ಕೆ ಜೆ. ಅದಕ್ಕೇ ನಿಮಗೆ ಡಿಕ್ಷನರೀಲಿ ಪದ ಸಿಗ್ತಿಲ್ಲ. 1780ರ ದಶಕ ಆದ್ಮೇಲೆ ಕಚೇರಿ ಭಾಷೆ ಜರ್ಮನ್‌ಗೆ ತಿರುಗಿರೋದು ಜಾಸ್ತಿ, ನಿಮ್ಮ ಪುಟ ಅದಕ್ಕಿಂತ ಹಳೇದು, ಚೆಕ್‌ನಲ್ಲೇ ಇರಬೇಕು.

ಕೆಲವು ಪದ ಹೇಳ್ತೀನಿ, ಅವನ್ನ ಮೊದಲು ಹುಡುಕಿ. ಸಿರೊಟೆಕ್ ಅಂದ್ರೆ ಅನಾಥ, ಆದ್ರೆ ಅಪ್ಪ ಒಬ್ಬ ಸತ್ತಿದ್ರೂ ಸಾಕು, ಅಮ್ಮ ಬದುಕಿದ್ರೂ ಮಕ್ಕಳು ಸಿರೊಟ್ಕಿನೇ. ವ್ದೊವಾ ಅಂದ್ರೆ ವಿಧವೆ. ಒಟ್ಚೀಮ್ ಅಂದ್ರೆ ಮಲತಂದೆ. ಹೊಸ್ಪೊದಾರ್ಷ್ ಅಂದ್ರೆ ಯಜಮಾನ, ಗ್ರುಂಟ್ ನಡೆಸೋನು. ಯಿನಾಕ್ ಅಂದ್ರೆ "ಇಲ್ಲವೇ, ಬೇರೆ ಹೆಸರಲ್ಲಿ", ಇದು ಎರಡು ಹೆಸರಿನ ಮಧ್ಯೆ ಬಂದ್ರೆ ನಿಮ್ಮ ಸಮಸ್ಯೆ ಮುಗೀತು ಅಂತ ತಿಳ್ಕೊಳ್ಳಿ. ದುಡ್ಡಿಗೆ ಮೊರಾವಿಯಾದಲ್ಲಿ ಜ್ಲಾತೀ ಇರತ್ತೆ, ಬೊಹೀಮಿಯಾದಲ್ಲಿ ಕೊಪಾ ಜಾಸ್ತಿ, ಕೊಪಾ ಅಂದ್ರೆ 60 ಗ್ರೋಶ್ ನಾಣ್ಯ. ಕಂತು ಕಟ್ಟೋ, ಕಂದಾಯ ಕೊಡೋ ದಿನ ಸಂತರ ಹೆಸರಲ್ಲಿರತ್ತೆ, ಸಂತ ಯಿರ್ಜಿ ಅಂದ್ರೆ ಏಪ್ರಿಲ್ 24, ಸಂತ ಹಾವೆಲ್ ಅಂದ್ರೆ ಅಕ್ಟೋಬರ್ 16.

ಇನ್ನೊಂದು, ಅನಾಥರ ಪಟ್ಟಿ ಅಂತ ಬೇರೆ ಪುಸ್ತಕ ಇರ್ತಿತ್ತು. ಅಪ್ಪ ಸತ್ತ ಮಕ್ಕಳನ್ನ ಕಚೇರಿಯೋರು ವರ್ಷ ವರ್ಷ ಲೆಕ್ಕ ಹಾಕೋರು, ವಯಸ್ಸೆಷ್ಟು, ಯಾರ ಮನೇಲಿದಾರೆ ಅಂತ, ಯಾಕಂದ್ರೆ ಆ ಮಕ್ಕಳಿಂದ ದೊರೆಯ ಮನೆ ಚಾಕರಿ ಮಾಡಿಸ್ಕೊಳ್ತಿದ್ರು. ಓದೋಕೆ ಸಂಕಟ ಆಗತ್ತೆ, ಆದ್ರೆ ವಂಶ ಹುಡುಕೋರಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗೋದು ಕಷ್ಟ. ಉಳಿದಿದ್ಯಾ ನೋಡಿ.

ಕರಾವಳಿ_ಅಮ್ಮ

ಪುಟದ ಫೋಟೋ ದೊಡ್ಡದು ಮಾಡಿ ಪ್ರಿಂಟ್ ತೆಗೆದುಕೊಳ್ಳಿ. ನಾನು ಹಳೇ ಕೈಬರಹ ಓದುವ ಟ್ರಾನ್ಸ್‌ಕ್ರಿಬಸ್ ಸಾಫ್ಟ್‌ವೇರಿಗೂ ಹಾಕಿ ನೋಡಿದ್ದೇನೆ, ಅರ್ಧಂಬರ್ಧ ಓದುತ್ತದೆ, ಆದರೆ ಹೆಸರುಗಳಲ್ಲಿ ತಪ್ಪು ಮಾಡುತ್ತದೆ, ಮತ್ತು ನಮಗೆ ಬೇಕಾದ್ದು ಹೆಸರೇ. ಹಾಗಾಗಿ ಸಾಧನಕೇರಿ ಸರ್ ಹೇಳಿದ ದಾರಿಯೇ ಒಳ್ಳೆಯದು.

ಮತ್ತೆ ಒಂದು ಎಚ್ಚರ. ಹೊಲಮನೆ ಇಲ್ಲದವರು ಈ ಪುಸ್ತಕದಲ್ಲಿ ಬರುವುದಿಲ್ಲ. ಪೊದ್ರುಹ್ ಎಂದರೆ ಇನ್ನೊಬ್ಬರ ಮನೆಯಲ್ಲಿ ಒಂದು ಮೂಲೆ ಬಾಡಿಗೆಗೆ ಹಿಡಿದು ಕೂಲಿ ಮಾಡಿಕೊಂಡು ಇದ್ದವರು, ಅಂಥವರು ಬೇಕಾದಷ್ಟು ಇದ್ದರು. ನನ್ನ ಗಂಡನ ತಾಯಿ ಕಡೆ ಪೂರಾ ಪೊದ್ರುಹ್. ಆದರೂ ಅವರ ಹಿರಿಯನೊಬ್ಬ ಸಿಕ್ಕಿದ, ಹೇಗೆ ಅಂದರೆ ಅಣ್ಣನ ಹೊಲಮನೆಯ ಕಂತಿನಲ್ಲಿ ಅವನಿಗೆ ಪಾಲು ಬರಲಿಕ್ಕಿತ್ತು, ಹದಿನೆಂಟು ವರ್ಷದ ನಂತರ ಬಂದು ತೆಗೆದುಕೊಂಡು ಹೋದ ಎಂದು ಒಂದು ಸಾಲು. ಆ ಒಂದು ಸಾಲಿನಿಂದ ಅವನು ಯಾವ ಮನೆಯವನು ಎಂದು ಗೊತ್ತಾಯಿತು.

ಓದುಗ_77

ಯಹೂದಿ ಹಿರೀಕರಿದ್ರೆ? ನಮ್ಮ ಆಫೀಸ್ ಫ್ರೆಂಡ್ ಒಬ್ಬರು ಕೇಳ್ತಿದ್ರು, ಅವರ ಅಜ್ಜಿ ಮೊರಾವಿಯಾದೋರಂತೆ.

ಬ್ರನೋ_ಕನ್ನಡಿಗ

ಅವರಿಗೆ ಆ ಕಾಲದಲ್ಲಿ ಹಳ್ಳಿ ಹೊಲ ಕೊಳ್ಳೋಕೆ ಸಾಮಾನ್ಯವಾಗಿ ಬಿಡ್ತಾನೇ ಇರ್ಲಿಲ್ಲ, ಗ್ರುಂಟ್ ಪುಸ್ತಕದಿಂದ ಜಾಸ್ತಿ ಸಿಗಲ್ಲ. 1726ರಲ್ಲಿ ಬಂದ ಒಂದು ಕ್ರೂರ ಕಾನೂನಿನಲ್ಲಿ ಮೊರಾವಿಯಾಕ್ಕೆ 5,106 ಯಹೂದಿ ಕುಟುಂಬ, ಬೊಹೀಮಿಯಾಕ್ಕೆ 8,541, ಅದಕ್ಕಿಂತ ಹೆಚ್ಚು ಇರಕೂಡದು ಅಂತ ಮಿತಿ ಹಾಕಿದ್ರು, ಮನೇಲಿ ಒಬ್ಬ ಮಗನಿಗೆ ಮಾತ್ರ ಕಾನೂನು ಪ್ರಕಾರ ಮದುವೆ. ಆ ಕುಟುಂಬಗಳ ಪಟ್ಟಿ ಪುಸ್ತಕಗಳಿವೆ, ಯಹೂದಿ ಜನನ ಮರಣ ಪುಸ್ತಕಗಳು ಪ್ರಾಗ್‌ನ ನ್ಯಾಷನಲ್ ಆರ್ಕೈವ್‌ನಲ್ಲಿವೆ. ಅದಕ್ಕೆ ಬೇರೆ ಪೋಸ್ಟ್ ಹಾಕಿ, ಗೊತ್ತಿರೋರು ಬರ್ತಾರೆ.

ಹೇಮಾವತಿ_ತೀರ

ಎಲ್ರಿಗೂ ಮತ್ತೆ ನಮಸ್ಕಾರ, ಹದಿನೇಳು ದಿನ ಆಯ್ತು ನಾನು ಬರೆದು. ದಿನಾ ಮಗಳು ಮಲಗಿದ್ಮೇಲೆ ರಾತ್ರಿ ಎರಡು ಗಂಟೆ ಕೂತಿದೀನಿ. ಸಾಧನಕೇರಿ ಸರ್ ಹೇಳಿದ ಹಾಗೇ ಕಾಗುಣಿತ ಮಾಡ್ಕೊಂಡೆ, ಫ್ರಿಜ್ ಮೇಲೆ ಅಂಟಿಸಿದೀನಿ. ನಿಧಾನಕ್ಕೆ ಹೇಳ್ತೀನಿ ಯಾಕಂದ್ರೆ ಇದನ್ನ ಬರೆಯೋವಾಗ ನಂಗೇ ಗಂಟಲು ಕಟ್ತಾ ಇದೆ.

23ನೇ ಮನೆ 1731ರಲ್ಲಿ "ಕ" ಮನೆತನದ ಕಿರಿ ಮಗ ಅಪ್ಪನಿಂದ ತಗೊಂಡಿದಾನೆ, ಕರಾವಳಿ ಅಮ್ಮ ಹೇಳಿದ್ರಲ್ಲ ಕಿರಿ ಮಗ ಅಂತ, ಹಾಗೇ ಇದೆ. 84 ಜ್ಲಾತೀಗೆ, ವರ್ಷಕ್ಕೆ 3ರ ಹಾಗೆ ಕಂತು. 1742ರ ತನಕ ಕಂತು ಇದೆ, ಆಮೇಲೆ ನಿಂತಿದೆ. 1743ರಲ್ಲಿ ಹೊಸ ಬರಹ: "ಕ" ಸತ್ತಿದಾನೆ, ವ್ದೊವಾ ಮತ್ತು ಮೂರು ಸಿರೊಟ್ಕಿ, ಮೂರೂ ಮಕ್ಕಳ ಹೆಸರು ಸಾಲಾಗಿದೆ, ಮೂರನೇದು ನಮ್ಮ ಹುಡುಗನ ಹೆಸರು!! ಆ ವಿಧವೆ "ಮ" ಅನ್ನೋನನ್ನ ಮದುವೆ ಆಗಿದಾಳೆ. ಬ್ರನೋ ಅಣ್ಣ ಹೇಳಿದ ಒಟ್ಚೀಮ್ ಅನ್ನೋ ಪದ ಅಲ್ಲೇ ಇದೆ, ಮೂರನೇ ಅನಾಥ ಮಗು ಪ್ರಾಯಕ್ಕೆ ಬರೋ ತನಕ ಹೊಲಮನೆ ಮಲತಂದೆ ನಡೆಸ್ಬೇಕು ಅಂತ ಕರಾರು. 1761ರಲ್ಲಿ ಕೊನೇ ಬರಹ, ಮಲಮಗನಿಗೆ ಬಿಟ್ಟುಕೊಟ್ಟಿದಾನೆ. ಅದ್ರಲ್ಲಿ ಹುಡುಗನ ಹೆಸರಿನ ಮುಂದೆ "ಮ" ಯಿನಾಕ್ "ಕ" ಅಂತ ಇದೆ ಅಣ್ಣಾ. ನೀವು ಹೇಳಿದ್ದು ಅಕ್ಷರಕ್ಕೆ ಅಕ್ಷರ. ಮಾರನೇ ವರ್ಷ 1762ರಲ್ಲಿ ಚರ್ಚಲ್ಲಿ ಮದುವೆ, ಅಲ್ಲಿ ಪಾದ್ರಿಗಳು ಊರೋರು ಕರೆಯೋ ಹಾಗೆ ಬರೀ "ಮ" ಅಂತ ಬರ್ಕೊಂಡಿದಾರೆ.

1738ರ ಬ್ಯಾಪ್ಟಿಸಂ ನಮ್ಮೋನದ್ದೇ. ಎರಡು ವರ್ಷ ಅದನ್ನ ದಾಟ್ಕೊಂಡು ದಾಟ್ಕೊಂಡು ಹೋಗಿದೀನಿ. ಅನಾಥರ ಪಟ್ಟಿ ಈ ಊರಿಂದು 1740ರ ದಶಕದ್ದು ನಂಗೆ ಸಿಗ್ಲಿಲ್ಲ, ಆದ್ರೆ ಜಮೀನಿನ ಪುಟದಲ್ಲೇ ಮಕ್ಕಳ ಹೆಸರಿರೋದ್ರಿಂದ ಸಾಕು ಅನ್ಕೊಂಡಿದೀನಿ, ಸರಿನಾ?

ಬ್ರನೋ_ಕನ್ನಡಿಗ

ಅಣ್ಣಾ!!! ಊಟ ಮಾಡ್ತಾ ಓದಿದೆ, ಎದ್ದು ಮಾವನವರಿಗೆ ಫೋನ್ ಮಾಡಿ ಹೇಳಿದೆ. ಸಾಕು, ಇದಕ್ಕಿಂತ ಗಟ್ಟಿ ಬೇಕಿಲ್ಲ. ಒಂದೇ ಒಂದು ಮಾಡಿ, ಚರ್ಚ್ ಪುಸ್ತಕದಲ್ಲಿ 1742-43ರಲ್ಲಿ "ಕ" ಸಾವು, ಆ ವಿಧವೆಯ ಎರಡನೇ ಮದುವೆ ಎರಡನ್ನೂ ನೋಡಿ, ಎರಡು ಪುಸ್ತಕ ಒಂದಕ್ಕೊಂದು ಕೂಡ್ಬೇಕು. 1761ರ ಪುಟದಲ್ಲಿ ಮಲತಂದೆಗೆ ವೀಮ್ನ್ಯೆನೆಕ್ ಇದ್ಯಾ? ಅವನು ಆಗ ಬದುಕಿದ್ದ ಅಲ್ವಾ.

ಹೇಮಾವತಿ_ತೀರ

ಎರಡೂ ಸಿಕ್ತು, ಸಾವು 1742ರ ನವೆಂಬರ್, ಮದುವೆ 1743ರ ಜೂನ್. ಕೂಡ್ತು.

ವೀಮ್ನ್ಯೆನೆಕ್ ಇದೆ. ಕೊನೇ ಎಂಟು ಸಾಲು ಅದೇ, ಅದನ್ನ ಓದೋಕೆ ನಾಲ್ಕು ರಾತ್ರಿ ಹಿಡೀತು. ಮಲತಂದೆಗೆ ಮತ್ತು ತಾಯಿಗೆ ಸಾಯೋ ತನಕ ಮನೇಲಿ ಒಲೆ ಪಕ್ಕದ ಜಾಗ, ಒಂದು ಹಸು, ಧಾನ್ಯ, ತಾಯಿ ಮೊದಲು ಹೋದ್ರೂ ಮಲತಂದೆಗೆ ಅಷ್ಟೂ ಕಡಿಮೆ ಮಾಡದೆ ಕೊಡ್ಬೇಕು ಅಂತ. ಇದನ್ನ ಮಲಮಗ ಒಪ್ಪಿದಾನೆ ಅಂತ ಬರ್ದಿದೆ.

ಭಾನುವಾರ ಅತ್ತೆ ಮನೆಗೆ ಪ್ರಿಂಟ್ ತಗೊಂಡು ಹೋಗಿ ಓದಿ ಹೇಳಿದೆ. ನಂಗೆ ಭಯ ಇತ್ತು, 260 ವರ್ಷದಿಂದ ಇಟ್ಕೊಂಡು ಬಂದಿರೋ ಹೆಸರು ರಕ್ತದ್ದಲ್ಲ ಅಂತ ಗೊತ್ತಾದ್ರೆ ಬೇಜಾರ್ ಮಾಡ್ಕೊಳ್ತಾರೇನೋ ಅಂತ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಸುಮ್ನಿದ್ರು. ಆಮೇಲೆ "ಒಲೆ ಪಕ್ಕ ಜಾಗ ಕೊಟ್ಟಿದಾನಾ ಹುಡುಗ? ಹಾಗಾದ್ರೆ ಚೆನ್ನಾಗೇ ಸಾಕಿರ್ಬೇಕು ಅವನು" ಅಂದ್ರು. ಒಟ್ಚೀಮ್ ಅನ್ನೋ ಪದ ಅವರ ಅಜ್ಜಿನೂ ಹೇಳ್ತಿದ್ರಂತೆ, ಪುಟದಲ್ಲಿ ಅದು ಎಲ್ಲಿದೆ ತೋರ್ಸು ಅಂದ್ರು, ಬೆರಳಿಟ್ಟು ತೋರಿಸಿದೆ.

ಈಗ ಅವರಿಗೆ ಮನೆ ಎಲ್ಲಿತ್ತು ನೋಡ್ಬೇಕಂತೆ. ಅದು ಆಗತ್ತಾ?

ಬ್ರನೋ_ಕನ್ನಡಿಗ

ಆಗತ್ತೆ. 1817ರ ಆಜ್ಞೆ ಪ್ರಕಾರ ಇಡೀ ಸಾಮ್ರಾಜ್ಯ ಅಳೆದ್ರು, ಮೊರಾವಿಯಾ ಮತ್ತು ಅದರ ಪಕ್ಕದ ಸೈಲೀಷಿಯಾ ಸೀಮೇಲಿ 1824ರಿಂದ 1836ರ ಒಳಗೆ ನಕ್ಷೆ ಆಯ್ತು, 1:2880 ಅಳತೆ, ಒಂದೊಂದು ಮನೆ, ಒಂದೊಂದು ಹೊಲದ ಬದುನೂ ಇದೆ. ಬಣ್ಣ ಹಾಕಿದ ಪ್ರತಿ ಚೆಕ್ ಭೂಮಾಪನ ಕಚೇರಿಯ ಹಳೇ ನಕ್ಷೆಗಳ ಸೈಟ್‌ನಲ್ಲಿ ಫ್ರೀಯಾಗಿ ನೋಡ್ಬಹುದು. ಹಳದಿ ಬಣ್ಣದ್ದು ಮರದ ಮನೆ, ಕೆಂಪು ಕಲ್ಲು ಇಟ್ಟಿಗೇದು, ನಿಮ್ಮ ಬೆಟ್ಟದ ಸೀಮೇಲಿ ಹಳದಿನೇ ಹೆಚ್ಚು ಕಾಣತ್ತೆ. ಆ ನಕ್ಷೇಲಿ ಮನೆ ನಂಬರ್ ಸಿಗಲ್ಲ, ಅದಕ್ಕೆ ಅಳತೆಗಾರರು ಸ್ಥಳದಲ್ಲೇ ಇಟ್ಕೊಂಡಿದ್ದ ಇಂಡಿಕೇಶನ್ ಸ್ಕೆಚ್ ಅಂತ ಇನ್ನೊಂದಿದೆ, ಅದ್ರಲ್ಲಿ ಹೊಲ ಹೊಲದ ಮೇಲೂ ಮಾಲೀಕನ ಹೆಸರು, ಮನೆ ನಂಬರ್ ಬರ್ದಿರ್ತಾರೆ. ಮೊರಾವಿಯಾದ್ದು ಇಲ್ಲೇ ಬ್ರನೋದ ಆರ್ಕೈವ್‌ನಲ್ಲಿದೆ. ಹಳ್ಳಿ ಹೆಸರು ನಂಗೆ ಮೆಸೇಜ್ ಮಾಡಿ, ಎರಡೂ ಪಕ್ಕಪಕ್ಕ ಇಟ್ಟು 23 ಯಾವುದು ಅಂತ ಗುರುತು ಹಾಕಿ ಕಳಿಸ್ತೀನಿ. ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿ ನೋಡಿದ್ರೆ ಆ ಜಾಗದಲ್ಲಿ ಈಗ ಏನಿದೆ ಅಂತಾನೂ ಗೊತ್ತಾಗತ್ತೆ.

ಸಾಧನಕೇರಿ

ಹೇಮಾವತಿಯವರೆ, ಭಾಳ ಸಂತೋಷ ಆತು ಓದಿ. ಆ ಫ್ರಿಜ್ ಮ್ಯಾಲಿನ ಕಾಗುಣಿತ ಒಗೀಬ್ಯಾಡ್ರಿ, ಫೋಟೋ ತಗದು ಇಲ್ಲೇ ಹಾಕ್ರಿ, ಮುಂದಿನವ್ರಿಗೆ ಬೇಕಾಗ್ತದ.

ಹೇಮಾವತಿ_ತೀರ

ಹಾಕ್ತೀನಿ ಸರ್, ಇವತ್ತು ರಾತ್ರಿ. ಅಣ್ಣಾ ಹಳ್ಳಿ ಹೆಸರು ಮೆಸೇಜ್ ಮಾಡಿದೀನಿ ನೋಡಿ. 1731ಕ್ಕೆ ಹಿಂದಿನ "ಕ"ಗಳದ್ದು "ಹಳೇ ಪುಸ್ತಕ, ಹಾಳೆ 112" ಅಂತ ಇದೆ, ಆ ಹಳೇ ಪುಸ್ತಕ 1668ರಲ್ಲಿ ಶುರುವಾಗತ್ತೆ, ಡೌನ್‌ಲೋಡ್ ಆಗ್ತಾ ಇದೆ.